ಟರ್ಮಿನಲ್ ಮುಟ್ಟೇ ಇಲ್ಲ, ಈಗ ಲ್ಯಾಬ್‌ಗೆ ಗಿಟ್ ಕಡ್ಡಾಯ. ಎಲ್ಲಿಂದ ಶುರು ಮಾಡಲಿ?

ಕೊಥ್ರೂಡ್ ಎಸ್‌ಇ
ಎಲ್ಲರಿಗೂ ನಮಸ್ಕಾರ. ಪುಣೆಯಲ್ಲಿ ಎಸ್‌ಇ (ಎಂಜಿನಿಯರಿಂಗ್ ಎರಡನೇ ವರ್ಷ) ಕಂಪ್ಯೂಟರ್ ಓದುತ್ತಿದ್ದೇನೆ, ಊರು ವಿಜಯಪುರ. ಈ ಸೆಮಿಸ್ಟರ್‌ನಿಂದ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ನ ಪ್ರೋಗ್ರಾಂಗಳನ್ನು ಪೆನ್‌ಡ್ರೈವ್‌ನಲ್ಲಿ ತಂದುಕೊಡಬೇಡಿ, ಗಿಟ್‌ಹಬ್ ಲಿಂಕ್ ಕೊಡಿ ಎಂದು ಮೇಡಂ ಹೇಳಿದ್ದಾರೆ. ಟರ್ಮ್ ವರ್ಕ್ ಮಾರ್ಕ್ಸ್ ಹಾಕುವಾಗ ಕಮಿಟ್ ಹಿಸ್ಟರಿಯನ್ನೂ ನೋಡುತ್ತಾರಂತೆ. ಹೇಗೆ ಮಾಡಬೇಕು ಅಂತ ಮಾತ್ರ ಯಾರೂ ತೋರಿಸಲಿಲ್ಲ. ಯೂಟ್ಯೂಬ್ ನೋಡಿಕೊಳ್ಳಿ ಅಂದರು, ಅಷ್ಟೇ.

ಇದರ ಜೊತೆ ನಾಲ್ಕು ಜನ ಸೇರಿ ಒಂದು ಮಿನಿ ಪ್ರಾಜೆಕ್ಟ್ ಮಾಡಬೇಕು. ಸದ್ಯಕ್ಕೆ ವಾಟ್ಸಾಪ್‌ನಲ್ಲಿ ಜಿಪ್ ಫೈಲ್ ಕಳಿಸಿಕೊಳ್ಳುತ್ತಿದ್ದೇವೆ. ಯಾರ ಹತ್ತಿರ ಇರುವುದು ಹೊಸದು ಅಂತ ಯಾರಿಗೂ ಗೊತ್ತಿಲ್ಲ.

ಲ್ಯಾಪ್‌ಟಾಪ್ ವಿಂಡೋಸ್ 11, 8 ಜಿಬಿ ರ‍್ಯಾಮ್. ಲಿನಕ್ಸ್ ಹಾಕಲೇಬೇಕಾ? ಮೊದಲು ಕಮಾಂಡ್ ಲೈನ್ ಕಲಿಯಬೇಕಾ, ನೇರ ಗಿಟ್‌ಗೆ ಹೋಗಬಹುದಾ? ಆ ಕಪ್ಪು ಕಿಟಕಿ ನೋಡಿದರೆ ಏನೋ ಅಳಿಸಿಹೋಗುತ್ತದೆ ಅಂತ ಭಯ ಆಗುತ್ತದೆ.

ಹಿಂಜವಡಿ ಬಸ್ ಸ್ಟಾಪ್
ಗಿಟ್‌ಹಬ್ ಡೆಸ್ಕ್‌ಟಾಪ್ ಹಾಕಿಕೋ ತಮ್ಮಾ. ಎರಡು ಬಟನ್. ಮುಗಿಯಿತು.

ಮಾಟುಂಗಾ ಮಾವ
ಬಟನ್ ಒತ್ತಿದಾಗ ಕೆಂಪು ಅಕ್ಷರದಲ್ಲಿ ಎರರ್ ಬಂದರೆ ಆಮೇಲೆ ಏನು ಮಾಡುತ್ತಾನೆ? ನಿನಗೇ ಫೋನ್ ಮಾಡುತ್ತಾನೆ.

ತಮ್ಮಾ, ಮೊದಲು ಎರಡು ವಿಷಯ ಬೇರೆ ಮಾಡಿಕೊ. ಗಿಟ್ ನಿನ್ನ ಲ್ಯಾಪ್‌ಟಾಪ್‌ನಲ್ಲಿ ಓಡುವ ಪ್ರೋಗ್ರಾಂ, ಕೋಡ್‌ನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುತ್ತದೆ. ಗಿಟ್‌ಹಬ್ ಆ ಕೋಡನ್ನು ಇಟ್ಟು ಹಂಚಿಕೊಳ್ಳುವ ಒಂದು ವೆಬ್‌ಸೈಟ್. ನೆಟ್ ಇಲ್ಲದಿದ್ದರೂ ಗಿಟ್ ಕೆಲಸ ಮಾಡುತ್ತದೆ. ಕಮಿಟ್ ಮಾಡಬಹುದು, ಅಂದರೆ ಈಗಿನ ಕೋಡನ್ನು ದಾಖಲಿಸಬಹುದು, ಹಳೆಯದನ್ನು ನೋಡಬಹುದು, ವಾಪಸ್ ಹೋಗಬಹುದು. ಪುಶ್ ಮಾಡುವಾಗ, ಅಂದರೆ ಗಿಟ್‌ಹಬ್‌ಗೆ ಕಳಿಸುವಾಗ, ಇಲ್ಲವೇ ಅಲ್ಲಿಂದ ತರುವಾಗ ಮಾತ್ರ ನೆಟ್ ಬೇಕು.

ಕಮಾಂಡ್ ಲೈನ್ ಮೊದಲಾ ಗಿಟ್ ಮೊದಲಾ ಅಂದೆ. ಕೆಲವು ದಿನ ಬರೀ ಫೋಲ್ಡರ್‌ಗಳ ನಡುವೆ ಓಡಾಡು, ಸಾಕು. ಪಿಡಬ್ಲ್ಯೂಡಿ ಅಂದರೆ ಈಗ ನಾನು ಎಲ್ಲಿದ್ದೇನೆ. ಎಲ್‌ಎಸ್ ಅಂದರೆ ಇಲ್ಲಿ ಏನೇನಿದೆ. ಸಿಡಿ ಅಂದರೆ ಅಲ್ಲಿಗೆ ಹೋಗು. ಆಮೇಲೆ ಎಂಕೆಡಿರ್ (ಹೊಸ ಫೋಲ್ಡರ್ ಮಾಡು), ಸಿಪಿ (ಕಾಪಿ ಮಾಡು), ಎಂವಿ (ಜಾಗ ಅಥವಾ ಹೆಸರು ಬದಲಿಸು), ಕ್ಯಾಟ್ (ಫೈಲ್ ಒಳಗಿರುವುದನ್ನು ತೋರಿಸು). ಹೊಸಬರ ಮುಕ್ಕಾಲು ಪಾಲು ಗಿಟ್ ತೊಂದರೆಗಳು ಗಿಟ್ ತೊಂದರೆಗಳೇ ಅಲ್ಲ. ತಾವು ಯಾವ ಫೋಲ್ಡರ್‌ನಲ್ಲಿ ಇದ್ದೇವೆ ಅಂತ ಗೊತ್ತಿಲ್ಲದೆ ಗಿಟ್ ಇನಿಟ್ (ಈ ಫೋಲ್ಡರನ್ನು ಗಿಟ್ ನೋಡಿಕೊಳ್ಳಲಿ ಅನ್ನುವ ಕಮಾಂಡ್) ಹೊಡೆದಿರುತ್ತಾರೆ. ಇಡೀ ಯೂಸರ್ ಫೋಲ್ಡರೇ ರೆಪೊ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಆಗಿ, ಫೋಟೋ, ಸಿನಿಮಾ ಎಲ್ಲ ಲಿಸ್ಟ್‌ನಲ್ಲಿ ಬರುತ್ತದೆ.

ಇನ್ನೊಂದು. ಇಲ್ಲಿ ಕನ್ನಡ ಲಿಪಿಯ ನಿಯಮ ಇದೆ ಅಂತ ಕಮಾಂಡ್‌ಗಳನ್ನು ಹೀಗೆ ಬರೆಯುತ್ತಿದ್ದೇನೆ. ನೀನು ಟೈಪ್ ಮಾಡುವಾಗ ಇಂಗ್ಲಿಷ್‌ನ ಚಿಕ್ಕಕ್ಷರದಲ್ಲೇ ಮಾಡು ಮಾರಾಯ.

ಧಾರವಾಡದ ಗಿರ್ಮಿಟ್
ಮಾವ, ಅಳಿಸಿಹೋಗುವ ಭಯ ಅಂದನಲ್ಲ, ಅದಕ್ಕೆ ಉತ್ತರ ಕೊಡಲಿಲ್ಲ ನೀವು.

ಮಾಟುಂಗಾ ಮಾವ
ಭಯ ಇರಲಿ, ಒಳ್ಳೆಯದೇ. ಆದರೆ ಒಂದೇ ಕಮಾಂಡ್ ಬಗ್ಗೆ ಇರಲಿ: ಆರ್‌ಎಂ. ಅದರಲ್ಲಿ ಅಳಿಸಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಅದರ ಮುಂದೆ ಹೈಫನ್ ಆರ್‌ಎಫ್ ಹಾಕಿದರೆ ಕೇಳುವುದೂ ಇಲ್ಲ, ಫೋಲ್ಡರ್ ಸಮೇತ ತೆಗೆದುಬಿಡುತ್ತದೆ. ಶುರುವಿನಲ್ಲಿ ಆರ್‌ಎಂ ಹೈಫನ್ ಐ ಅಂತ ಬರೆ. ಪ್ರತಿ ಫೈಲಿಗೂ ಹೂಂ ಅನ್ನಿಸಿಕೊಂಡೇ ಅಳಿಸುತ್ತದೆ. ಸಿಪಿ, ಎಂವಿ ಸ್ವಲ್ಪ ನೋಡಿಕೊಂಡು ಬಳಸು, ಅದೇ ಹೆಸರಿನ ಹಳೆಯ ಫೈಲ್ ಇದ್ದರೆ ಅದರ ಮೇಲೇ ಬರೆದುಬಿಡುತ್ತವೆ. ಉಳಿದವು ಏನನ್ನೂ ಅಳಿಸುವುದಿಲ್ಲ, ಎಷ್ಟು ಬೇಕಾದರೂ ಹೊಡೆ.

ಏನೋ ಓಡುತ್ತಲೇ ಇದೆ, ನಿಲ್ಲುತ್ತಿಲ್ಲ ಅಂದರೆ ಕಂಟ್ರೋಲ್ ಸಿ. ಫೈಲಿನ ಹೆಸರು ಪೂರ್ತಿ ಟೈಪ್ ಮಾಡಬೇಡ, ಎರಡು ಅಕ್ಷರ ಹಾಕಿ ಟ್ಯಾಬ್ ಒತ್ತು. ಹಿಂದಿನ ಕಮಾಂಡ್ ಬೇಕಾದರೆ ಮೇಲಿನ ಬಾಣ. ಇಷ್ಟು ಗೊತ್ತಾದ ದಿನವೇ ಕೈ ಓಡಲು ಶುರುವಾಗುತ್ತದೆ.

ಲ್ಯಾಬ್ ಅಕ್ಕ
ನಾನು ಪಿಂಪ್ರಿ ಕಡೆಯ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಹುಡುಗರು ಮೊದಲು ಎಡವುವುದು ಇಲ್ಲಿ: ವಿಂಡೋಸ್‌ನಲ್ಲಿ ಕಪ್ಪು ಕಿಟಕಿ ಒಂದಲ್ಲ, ಮೂರು. ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್, ಗಿಟ್ ಬ್ಯಾಶ್. ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಲ್‌ಎಸ್ ನಡೆಯುವುದಿಲ್ಲ, ಡಿಐಆರ್ ಬೇಕು. ಪವರ್‌ಶೆಲ್‌ನಲ್ಲಿ ಎಲ್‌ಎಸ್ ನಡೆಯುತ್ತದೆ, ಆದರೆ ಮಾವ ಹೇಳಿದ ಆರ್‌ಎಂ ಹೈಫನ್ ಐ ನಡೆಯುವುದಿಲ್ಲ. ವಿಡಿಯೋದಲ್ಲಿ ಒಬ್ಬರು ಮ್ಯಾಕ್‌ನಲ್ಲಿ ತೋರಿಸುತ್ತಿರುತ್ತಾರೆ, ಇವರು ಕಮಾಂಡ್ ಪ್ರಾಂಪ್ಟ್‌ನಲ್ಲಿ ಹೊಡೆಯುತ್ತಿರುತ್ತಾರೆ. ಎರರ್ ಬರದೆ ಇನ್ನೇನು ಬರುತ್ತದೆ?

ಗಿಟ್ ಫಾರ್ ವಿಂಡೋಸ್ ಇನ್‌ಸ್ಟಾಲ್ ಮಾಡಿದರೆ ಗಿಟ್ ಬ್ಯಾಶ್ ಜೊತೆಗೇ ಬರುತ್ತದೆ. ಅದನ್ನೇ ಬಳಸಪ್ಪ. ಇನ್‌ಸ್ಟಾಲ್ ಮಾಡುವಾಗ ಎಡಿಟರ್ ಯಾವುದು ಅಂತ ಕೇಳುತ್ತದೆ. ಅಲ್ಲಿ ಸುಮ್ನೆ ನೆಕ್ಸ್ಟ್ ಒತ್ತಿದರೆ ವಿಮ್ ಬರುತ್ತದೆ. ವಿಎಸ್ ಕೋಡ್ ಅಥವಾ ನ್ಯಾನೋ ಆರಿಸಿಕೋ.

ಡೊಂಬಿವಲಿ ಡೌನ್ ಲೈನ್
ಅಕ್ಕಾ, ನಮ್ಮ ಕ್ಲಾಸಿನ ಒಬ್ಬ ವಿಮ್‌ನಿಂದ ಹೊರಗೆ ಬರಲಾಗದೆ ಲ್ಯಾಪ್‌ಟಾಪನ್ನೇ ಆಫ್ ಮಾಡಿದ 😂

ಮಾಟುಂಗಾ ಮಾವ
ಎಸ್ಕೇಪ್ ಒತ್ತು, ಕೋಲನ್ ಹಾಕು, ಕ್ಯೂ, ಆಮೇಲೆ ಉದ್ಗಾರ ಚಿಹ್ನೆ, ಎಂಟರ್. ಬರೆದದ್ದನ್ನು ಉಳಿಸಿ ಬರಬೇಕಾದರೆ ಕೋಲನ್, ಡಬ್ಲ್ಯೂ, ಕ್ಯೂ. 1991ರಿಂದ ಜನ ಇದನ್ನೇ ಕೇಳುತ್ತಿದ್ದಾರೆ. ವಿಮ್ ಒಳ್ಳೆಯ ಎಡಿಟರ್, ಅದರ ತಪ್ಪಲ್ಲ.

ಹಿಂಜವಡಿ ಬಸ್ ಸ್ಟಾಪ್
ಶುರುವಾಯಿತು ನೋಡಿ ಹಳೇ ಕಾಲದವರ ಪ್ರೀತಿ. ಮಾವ, ನಾನು ದಿನಾ ಕೆಲಸದಲ್ಲಿ ವಿಎಸ್ ಕೋಡ್ ಒಳಗಿನ ಗಿಟ್ ಪ್ಯಾನೆಲನ್ನೇ ಬಳಸುತ್ತೇನೆ. ಯಾವ ಸಾಲು ಬದಲಾಗಿದೆ ಅಂತ ಬಣ್ಣದಲ್ಲಿ ಪಕ್ಕಪಕ್ಕ ಕಾಣುತ್ತದೆ. ಟರ್ಮಿನಲ್‌ನಲ್ಲಿ ಡಿಫ್ ನೋಡಿ ಕಣ್ಣು ಹಾಳು ಮಾಡಿಕೊಳ್ಳುವುದು ಯಾಕೆ? ಎಸ್‌ಇ ಹುಡುಗನಿಗೆ ಬೇಕಿರುವುದು ಸಬ್‌ಮಿಶನ್. ಸಿಸ್ಟಂ ಅಡ್ಮಿನ್ ಕೆಲಸ ಅಲ್ಲ.

ಮಾಟುಂಗಾ ಮಾವ
ನೋಡಲು ಪ್ಯಾನೆಲ್ ಬಳಸಲಿ, ಯಾರು ಬೇಡ ಅಂದರು? ನನ್ನ ತಕರಾರು ಇಷ್ಟೇ. ಎರರ್ ಬಂದಾಗ ಹುಡುಕಿದರೆ ಸಿಗುವ ಉತ್ತರಗಳೆಲ್ಲ ಕಮಾಂಡ್ ರೂಪದಲ್ಲೇ ಇರುತ್ತವೆ. ಯಾವ ಬಟನ್ ಎಲ್ಲಿದೆ ಅನ್ನುವುದು ಪ್ರತಿ ಅಪ್‌ಡೇಟ್‌ಗೂ ಬದಲಾಗುತ್ತದೆ. ಗಿಟ್ ಸ್ಟೇಟಸ್ ಅನ್ನುವ ಕಮಾಂಡ್ ಬದಲಾಗಿಲ್ಲ.

ಖೋಡದ್ ಆ್ಯಂಟೆನಾ
ಇಬ್ಬರೂ ಸಾಫ್ಟ್‌ವೇರ್‌ನವರ ದೃಷ್ಟಿಯಲ್ಲೇ ಮಾತಾಡುತ್ತಿದ್ದೀರಿ. ನಾನು ಖಗೋಳ ವಿಜ್ಞಾನದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ನಾರಾಯಣಗಾಂವ್ ಹತ್ತಿರ ಖೋಡದ್‌ನಲ್ಲಿ ಜಿಎಂಆರ್‌ಟಿ ಅನ್ನುವ ರೇಡಿಯೊ ದೂರದರ್ಶಕ ಇದೆಯಲ್ಲ, 45 ಮೀಟರ್ ಅಗಲದ 30 ಡಿಶ್‌ಗಳು, ಅಲ್ಲಿನ ಡೇಟಾ ನನ್ನ ಕೆಲಸ. ನಮ್ಮಲ್ಲಿ ಬಟನ್ ಅನ್ನುವ ಮಾತೇ ಕಡಿಮೆ. ದೂರದ ಸರ್ವರ್‌ಗೆ ಎಸ್‌ಎಸ್‌ಎಚ್‌ನಲ್ಲಿ ಹೋಗಬೇಕು, ಸ್ಕ್ರಿಪ್ಟ್ ಓಡಿಸಬೇಕು. ಐಐಸರ್ ಪುಣೆಯಲ್ಲಿರುವ ಪರಮ್ ಬ್ರಹ್ಮದಂಥ ಸೂಪರ್ ಕಂಪ್ಯೂಟರ್ ಮೇಲೆ ಕೆಲಸ ಮಾಡಬೇಕಾದರೂ ಅದೇ ಕಥೆ. ಸ್ಲರ್ಮ್ ಅನ್ನುವ ಸರದಿ ವ್ಯವಸ್ಥೆಗೆ ಕಮಾಂಡ್‌ನಲ್ಲೇ ಕೆಲಸ ಒಪ್ಪಿಸಬೇಕು. ಎಂಎಸ್ಸಿ ಮುಗಿಸಿ ಬಂದವರು ಮೊದಲ ತಿಂಗಳು ಒದ್ದಾಡುವುದು ಭೌತಶಾಸ್ತ್ರದಲ್ಲಿ ಅಲ್ಲ, ಸಿಡಿ ಮತ್ತು ಎಲ್‌ಎಸ್‌ನಲ್ಲಿ.

ತಮ್ಮಾ, ನಿನ್ನ ಡೇಟಾ ಸ್ಟ್ರಕ್ಚರ್ಸ್ ಲ್ಯಾಬ್‌ಗೇ ಉಪಯೋಗ ಆಗುವ ಒಂದು ವಿಷಯ ಹೇಳುತ್ತೇನೆ. ಲಿಂಕ್ಡ್ ಲಿಸ್ಟ್ ಪ್ರೋಗ್ರಾಂ ಪ್ರತಿ ಸಲ ಓಡಿಸಿದಾಗಲೂ 1 ಒತ್ತು, 25 ಹಾಕು, 1 ಒತ್ತು, 40 ಹಾಕು ಅಂತ ಕೈಯಲ್ಲಿ ಕೊಡುತ್ತೀಯಲ್ಲವಾ? ಅದನ್ನೆಲ್ಲ ಒಂದು ಟೆಕ್ಸ್ಟ್ ಫೈಲ್‌ನಲ್ಲಿ ಬರೆದಿಡು. ಪ್ರೋಗ್ರಾಂ ಹೆಸರಿನ ಮುಂದೆ ಲೆಸ್ ದ್ಯಾನ್ ಚಿಹ್ನೆ ಹಾಕಿ ಆ ಫೈಲ್ ಹೆಸರು ಕೊಡು. ಎಲ್ಲ ಇನ್‌ಪುಟ್ ತಾನೇ ಹೋಗುತ್ತದೆ. ಆಮೇಲೆ ಗ್ರೇಟರ್ ದ್ಯಾನ್ ಹಾಕಿ ಔಟ್‌ಪುಟ್ಟನ್ನು ಇನ್ನೊಂದು ಫೈಲ್‌ಗೆ ತೆಗೆದುಕೋ. ಸರಿಯಾದ ಉತ್ತರ ಮೊದಲೇ ಒಂದು ಫೈಲ್‌ನಲ್ಲಿದ್ದರೆ ಡಿಫ್ ಅನ್ನುವ ಕಮಾಂಡ್‌ಗೆ ಎರಡನ್ನೂ ಕೊಡು. ಏನೂ ಹೇಳದೆ ಸುಮ್ಮನಿದ್ದರೆ ಎರಡೂ ಒಂದೇ. ಕೋಡ್ ಬದಲಿಸಿದ ಮೇಲೆ ಮತ್ತೆ ಪರೀಕ್ಷೆ ಮಾಡಲು ಒಂದು ಸಾಲು ಸಾಕು. ಈ ಕೆಲಸ ಬಟನ್‌ನಲ್ಲಿ ಮಾಡಿ ತೋರಿಸಲಿ ನೋಡೋಣ ಬಸ್ ಸ್ಟಾಪ್‌ನವರು.

ಕೊಥ್ರೂಡ್ ಎಸ್‌ಇ
ಇದು ಗೊತ್ತೇ ಇರಲಿಲ್ಲ! ಆದರೆ ಈಗ ಮಾಡಿ ನೋಡಿದೆ, ಆ ಚಿಹ್ನೆ ಮುಂದೆ ಬಳಸಲು ಇಟ್ಟದ್ದು ಅಂತ ಏನೋ ಎರರ್ ಬಂತು.

ಲ್ಯಾಬ್ ಅಕ್ಕ
ಪವರ್‌ಶೆಲ್ ತೆರೆದಿದ್ದೀಯಾ. ಅದರಲ್ಲಿ ಲೆಸ್ ದ್ಯಾನ್ ನಡೆಯುವುದಿಲ್ಲ. ಹೇಳಿದೆನಲ್ಲ, ಗಿಟ್ ಬ್ಯಾಶ್!

ಕೊಥ್ರೂಡ್ ಎಸ್‌ಇ
ಬಂತು ಬಂತು. ಥ್ಯಾಂಕ್ಸ್ ಅಕ್ಕಾ.

ವಾಸ್ಕೋ ಗಾಳಿ
ಡಬ್ಲ್ಯೂಎಸ್‌ಎಲ್ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ? ವಿಂಡೋಸ್ ಒಳಗೇ ಉಬುಂಟು ಲಿನಕ್ಸ್. ಅಡ್ಮಿನ್ ಪವರ್‌ಶೆಲ್‌ನಲ್ಲಿ ಒಂದು ಕಮಾಂಡ್, ಒಂದು ರೀಸ್ಟಾರ್ಟ್, ಅಷ್ಟೇ. ನಾನು ಗೋವಾದಲ್ಲಿ ಎಂಸಿಎ ಮಾಡುತ್ತಿದ್ದೇನೆ, ನಮ್ಮ ಬ್ಯಾಚ್‌ನವರೆಲ್ಲ ಅದನ್ನೇ ಬಳಸುತ್ತೇವೆ.

ಹಿಂಜವಡಿ ಬಸ್ ಸ್ಟಾಪ್
8 ಜಿಬಿ ರ‍್ಯಾಮ್ ಅಂದಿದ್ದಾನೆ. ಡಬ್ಲ್ಯೂಎಸ್‌ಎಲ್ 2 ಸಾಮಾನ್ಯವಾಗಿ ಅರ್ಧದವರೆಗೆ ರ‍್ಯಾಮ್ ತೆಗೆದುಕೊಳ್ಳಬಹುದು. ಮೇಲೆ ಕ್ರೋಮ್ ಬೇರೆ. ಫ್ಯಾನ್ ಸದ್ದಿಗೆ ಪಕ್ಕದ ರೂಮಿನವರು ಬಾಗಿಲು ತಟ್ಟುತ್ತಾರೆ.

ವಾಸ್ಕೋ ಗಾಳಿ
ಮಿತಿ ಹಾಕಬಹುದು ಅಣ್ಣ. ವಿಂಡೋಸ್ ಯೂಸರ್ ಫೋಲ್ಡರ್‌ನಲ್ಲಿ ಡಾಟ್ ಡಬ್ಲ್ಯೂಎಸ್‌ಎಲ್‌ಕಾನ್ಫಿಗ್ ಅಂತ ಒಂದು ಫೈಲ್ ಮಾಡಿ ಮೆಮೊರಿ 3 ಜಿಬಿ ಅಂತ ಬರೆದರೆ ಅದಕ್ಕಿಂತ ಜಾಸ್ತಿ ತೆಗೆದುಕೊಳ್ಳುವುದಿಲ್ಲ. ನನ್ನದೂ 8 ಜಿಬಿಯೇ. ಒಂದೇ ಎಚ್ಚರ, ಪ್ರಾಜೆಕ್ಟ್ ಫೋಲ್ಡರನ್ನು ಉಬುಂಟುವಿನ ಹೋಮ್ ಒಳಗೇ ಇಡಬೇಕು. ಸಿ ಡ್ರೈವ್‌ನಲ್ಲಿಟ್ಟು ಅಲ್ಲಿಂದ ಕೆಲಸ ಮಾಡಿದರೆ ಗಿಟ್ ತೆವಳುತ್ತದೆ.

ಮಾಟುಂಗಾ ಮಾವ
ಈ ಸೆಮಿಸ್ಟರ್‌ಗೆ ಗಿಟ್ ಬ್ಯಾಶ್ ಸಾಕು. ಮುಂದೆ ಆಪರೇಟಿಂಗ್ ಸಿಸ್ಟಮ್ಸ್ ಲ್ಯಾಬ್ ಬಂದಾಗ ಶೆಲ್ ಸ್ಕ್ರಿಪ್ಟ್, ಫೋರ್ಕ್ ಎಲ್ಲ ಬೇಕಾಗುತ್ತದೆ. ಆವಾಗ ಡಬ್ಲ್ಯೂಎಸ್‌ಎಲ್ ಹಾಕಲಿ. ಒಂದೇ ಸಲಕ್ಕೆ ಎಲ್ಲ ತಲೆಗೆ ತುಂಬಬೇಡಿ.

ಬರೀ ಓದುಗ
ಗಿಟ್ ಆಡ್, ಗಿಟ್ ಕಮಿಟ್, ಗಿಟ್ ಪುಶ್. ಮೂರು ಯಾಕೆ? ಸೇವ್ ಅಂತ ಒಂದೇ ಇದ್ದರೆ ಏನಾಗುತ್ತಿತ್ತು? ಇದನ್ನು ಯಾರಾದರೂ ನಮ್ಮ ಭಾಷೆಯಲ್ಲಿ ಬಿಡಿಸಿ ಹೇಳಿ.

ಲ್ಯಾಬ್ ಅಕ್ಕ
ಜರ್ನಲ್ ಬರೆದಿದ್ದೀರಲ್ಲ? ಅಪ್ಪಾ ಬಲವಂತ್ ಚೌಕದಿಂದ ತಂದ ಹಾಳೆಗಳಲ್ಲಿ ನೀವು ಏನೇನೋ ಬರೆದಿರುತ್ತೀರಿ. ಕೆಲವು ಮುಗಿದಿರುತ್ತವೆ, ಕೆಲವು ಅರ್ಧ. ಮುಗಿದ ಹಾಳೆಗಳನ್ನು ಆರಿಸಿ ಬೇರೆ ಇಡುವುದು ಆಡ್. ಅವನ್ನು ಫೈಲ್‌ಗೆ ಸೇರಿಸಿ, ಇಂಡೆಕ್ಸ್‌ನಲ್ಲಿ ತಾರೀಖು ಹಾಕಿ ಒಂದು ಸಾಲು ಬರೆಯುವುದು ಕಮಿಟ್. ಫೈಲ್ ತಂದು ನನ್ನ ಟೇಬಲ್ ಮೇಲೆ ಇಡುವುದು ಪುಶ್. ಮೂರೂ ಬೇರೆ ಕೆಲಸ ಅಲ್ವಾ? ಎರಡು ಪ್ರೋಗ್ರಾಂ ಒಟ್ಟಿಗೆ ತಿದ್ದುತ್ತಿದ್ದು, ಸ್ಟ್ಯಾಕ್ ಮುಗಿದಿದೆ, ಕ್ಯೂ ಅರ್ಧ ಇದೆ ಅಂದರೆ ಸ್ಟ್ಯಾಕ್ ಫೈಲನ್ನು ಮಾತ್ರ ಆಡ್ ಮಾಡಿ ಕಮಿಟ್ ಮಾಡಬಹುದು. ಮಧ್ಯದ ಹೆಜ್ಜೆ ಇರುವುದು ಅದಕ್ಕೇ.

ಧಾರವಾಡದ ಗಿರ್ಮಿಟ್
ಜರ್ನಲ್‌ನಿಂದ ಹಾಳೆ ಹರಿಯಬಹುದಲ್ರೀ ಅಕ್ಕಾವ್ರೇ.

ಲ್ಯಾಬ್ ಅಕ್ಕ
ಇಲ್ಲಿ ಹರಿದ ಹಾಳೆಯೂ ಸಿಗುತ್ತದೆ. ಗಿಟ್ ರೆಫ್‌ಲಾಗ್ ಅಂತ ಹೊಡೆದರೆ ನೀವು ಇತ್ತೀಚೆಗೆ ಎಲ್ಲೆಲ್ಲಿ ಇದ್ದಿರಿ ಅಂತ ಪಟ್ಟಿ ಬರುತ್ತದೆ. ಒಂದು ಸಲ ಕಮಿಟ್ ಆದದ್ದು ಕೈತಪ್ಪಿದರೂ ಸೆಟ್ಟಿಂಗ್ ಬದಲಿಸದಿದ್ದರೆ 30 ದಿನ ಅದರ ದಾರಿ ಉಳಿದಿರುತ್ತದೆ. ಕಮಿಟ್ ಮಾಡದೆ ಕಳೆದುಕೊಂಡದ್ದಕ್ಕೆ ಮಾತ್ರ ನನ್ನ ಹತ್ತಿರ ಅಳಬೇಡಿ.

ಡೊಂಬಿವಲಿ ಡೌನ್ ಲೈನ್
ನಮ್ಮ ಕಾಲೇಜಿನಲ್ಲಿ ಇದೇ ಕಮಿಟ್ ಹಿಸ್ಟರಿ ನಾಟಕ ನಡೆಯಿತು. ಇಪ್ಪತ್ತು ಕಮಿಟ್ ಇರಲೇಬೇಕು ಅಂದರು. ಏನಾಯಿತು? ಒಂದು ಸ್ಪೇಸ್ ಹಾಕು, ಕಮಿಟ್. ಸ್ಪೇಸ್ ತೆಗೆ, ಕಮಿಟ್. ಫುಲ್ ಮಾರ್ಕ್ಸ್. ನಿಜವಾಗಿ ಕೆಲಸ ಮಾಡಿ ಒಂದೇ ದೊಡ್ಡ ಕಮಿಟ್ ಮಾಡಿದವನಿಗೆ ಕಡಿಮೆ. ಎಣಿಕೆಗೆ ಮಾರ್ಕ್ಸ್ ಕೊಡುವುದೇ ದಂಡ.

ಲ್ಯಾಬ್ ಅಕ್ಕ
ಎಣಿಕೆಗೆ ಕೊಡಬಾರದು, ಒಪ್ಪುತ್ತೇನೆ. ಆದರೆ ಒಂದೇ ದೊಡ್ಡ ಕಮಿಟ್ ಮಾಡಿದವನು ಕೆಲಸ ಮಾಡಿದ್ದಾನೋ, ಇನ್ನೊಬ್ಬರ ಫೋಲ್ಡರ್ ಎತ್ತಿ ಹಾಕಿದ್ದಾನೋ ಅಂತ ನಾನು ಹೇಗೆ ತಿಳಿಯಲಿ? ಓರಲ್‌ನಲ್ಲಿ ನಾನು ಒಂದು ಕಮಿಟ್ ತೆರೆದು, ಈ ಸಾಲನ್ನು ಯಾಕೆ ಬದಲಿಸಿದೆ ಅಂತ ಕೇಳುತ್ತೇನೆ. ಬರೆದವರು ಅರ್ಧ ನಿಮಿಷದಲ್ಲಿ ಹೇಳುತ್ತಾರೆ. ಸ್ಪೇಸ್ ಹಾಕಿದವರು ಸೀಲಿಂಗ್ ನೋಡುತ್ತಾರೆ.

ಮೆಸೇಜ್ ಹೇಗಿರಬೇಕು ಅಂದರೆ, "ಅಪ್‌ಡೇಟ್", "ಫೈನಲ್", "ಫೈನಲ್ 2" ಅಂತ ಬೇಡ. "ಖಾಲಿ ಲಿಸ್ಟ್‌ನಲ್ಲಿ ಡಿಲೀಟ್ ಮಾಡಿದರೆ ಕ್ರ್ಯಾಶ್ ಆಗುತ್ತಿತ್ತು, ಸರಿಮಾಡಿದೆ" ಅಂತ ಬರೆಯಿರಿ. ಮೂರು ವಾರ ಬಿಟ್ಟು ಗಿಟ್ ಲಾಗ್ ನೋಡಿದಾಗ ನಿಮಗೇ ಅರ್ಥ ಆಗಬೇಕು.

ಧಾರವಾಡದ ಗಿರ್ಮಿಟ್
ಮೆಸೇಜ್ ಕನ್ನಡದಾಗ ಬರೀಬಹುದೇನು? ನಡೀತದೇನು?

ವಾಸ್ಕೋ ಗಾಳಿ
ಧಾರಾಳವಾಗಿ. ಗಿಟ್ ಕಮಿಟ್ ಮೆಸೇಜ್‌ಗಳನ್ನು ಯುಟಿಎಫ್ 8ನಲ್ಲೇ ಇಡುತ್ತದೆ. ಗಿಟ್‌ಹಬ್‌ನಲ್ಲಿ ಚೆನ್ನಾಗಿಯೇ ಕಾಣುತ್ತದೆ. ಫೈಲ್ ಹೆಸರು ಕನ್ನಡದಲ್ಲಿಟ್ಟರೆ ಮಾತ್ರ ತಮಾಷೆ. ಗಿಟ್ ಸ್ಟೇಟಸ್‌ನಲ್ಲಿ ಹೆಸರಿನ ಬದಲು 340, 262 ಅಂತ ಸಂಖ್ಯೆಗಳ ಸಾಲು ಬರುತ್ತದೆ. ಕನ್ನಡದ ಪ್ರತಿ ಚಿಹ್ನೆಗೂ ಮೂರು ಬೈಟ್, ಅದನ್ನು ಗಿಟ್ ಆಕ್ಟಲ್‌ನಲ್ಲಿ ತೋರಿಸುತ್ತದೆ. ಗಿಟ್ ಕಾನ್ಫಿಗ್‌ನಲ್ಲಿ ಕೋರ್ ಡಾಟ್ ಕೋಟ್‌ಪಾತ್ ಅನ್ನುವುದನ್ನು ಫಾಲ್ಸ್ ಮಾಡಿದರೆ ಅಕ್ಷರಗಳು ವಾಪಸ್ ಬರುತ್ತವೆ.

ಮಾಟುಂಗಾ ಮಾವ
ಬಂದರೂ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ ಆಗಿರುತ್ತದೆ. ಟರ್ಮಿನಲ್ ಪ್ರತಿ ಅಕ್ಷರಕ್ಕೂ ಒಂದೇ ಅಗಲದ ಮನೆ ಕೊಡುತ್ತದೆ, ನಮ್ಮ ಲಿಪಿ ಅದಕ್ಕೆ ಬಗ್ಗುವುದಿಲ್ಲ. ನಮ್ಮ ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಎಷ್ಟೋ ಜನ ನನಗೆ ಗೊತ್ತು. ಹಗಲು ಹೋಟೆಲ್ ಕೆಲಸ, ರಾತ್ರಿ ಪಾಠ. ಅವರಲ್ಲಿ ಯಾರೂ ಕಂಪ್ಯೂಟರ್ ಪಾಠವನ್ನು ಕನ್ನಡದಲ್ಲಿ ಕೇಳಿದವರಲ್ಲ. ಈಗಲಾದರೂ ಸಿಗಬೇಕು.

ಖೋಡದ್ ಆ್ಯಂಟೆನಾ
ಸಿಗುತ್ತದೆ ಮಾವ. ನಿಮ್ಮ ಊರಿನದೇ. ಪೊವಾಯಿಯ ಐಐಟಿ ಬಾಂಬೆ ಶುರು ಮಾಡಿದ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಲಿನಕ್ಸ್ ಪಾಠಗಳಿಗೆ ಕನ್ನಡ ಧ್ವನಿಯೂ ಇದೆ. ಹಣ ಕೊಡಬೇಕಿಲ್ಲ. ಪಾಠ ಚಿಕ್ಕದು, ನೋಡುತ್ತಾ ಪಕ್ಕದಲ್ಲಿ ಟೈಪ್ ಮಾಡಬಹುದು. ಸ್ಕ್ರೀನ್ ಹಳೇ ಕಾಲದ್ದು ಅನ್ನಿಸುತ್ತದೆ, ಆದರೆ ಎಲ್‌ಎಸ್ ಹಳೆಯದಾಗುವುದಿಲ್ಲವಲ್ಲ.

ಬರೀ ಓದುಗ
ಈ ಗಿಟ್ ಮಾಡಿದ್ದು ಮೈಕ್ರೋಸಾಫ್ಟ್ ಅಲ್ವಾ?

ಮಾಟುಂಗಾ ಮಾವ
ಅಯ್ಯೋ ದೇವರೇ. ಅಲ್ಲ! ಗಿಟ್ ಬರೆದದ್ದು ಲಿನಸ್ ಟೋರ್ವಾಲ್ಡ್ಸ್, 2005ರ ಏಪ್ರಿಲ್‌ನಲ್ಲಿ. ಲಿನಕ್ಸ್ ಕರ್ನಲ್ ಕೆಲಸಕ್ಕೆ ಬಿಟ್‌ಕೀಪರ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದರು. ಅದನ್ನು ಪುಕ್ಕಟೆ ಬಳಸುವ ಅವಕಾಶ ಹೋಯಿತು. ಬೇರೆ ಯಾವುದೂ ಒಗ್ಗಲಿಲ್ಲ ಅಂತ ತಾನೇ ಒಂದು ವಾರಾಂತ್ಯದಲ್ಲಿ ಬರೆದುಬಿಟ್ಟ. ಗಿಟ್‌ಹಬ್ ಬಂದದ್ದು 2008ರಲ್ಲಿ, ಬೇರೆಯವರು ಮಾಡಿದ್ದು. ಮೈಕ್ರೋಸಾಫ್ಟ್ ಅದನ್ನು 2018ರಲ್ಲಿ 750 ಕೋಟಿ ಡಾಲರ್‌ಗೆ ಕೊಂಡಿತು.

ಖೋಡದ್ ಆ್ಯಂಟೆನಾ
ವಾರಾಂತ್ಯ ಅನ್ನುವುದು ದಂತಕಥೆ ಮಾವ. ಏಪ್ರಿಲ್ 3ಕ್ಕೆ ಶುರು, 7ಕ್ಕೆ ಗಿಟ್ ತನ್ನ ಕೋಡನ್ನು ತಾನೇ ಇಟ್ಟುಕೊಳ್ಳುವ ಮಟ್ಟಕ್ಕೆ ಬಂತು. ಅದೂ ಬರೀ ಅಸ್ಥಿಪಂಜರ. ಅದೇ ವರ್ಷ ಜುಲೈನಿಂದ ಜೂನಿಯೊ ಹಮಾನೊ ಅನ್ನುವವರು ಅದನ್ನು ನೋಡಿಕೊಳ್ಳುತ್ತಿದ್ದಾರೆ. ನಾವು ಈಗ ಬಳಸುವ ಗಿಟ್‌ನ ಹೆಚ್ಚಿನ ಕೆಲಸ ಲಿನಸ್ ಬಿಟ್ಟುಕೊಟ್ಟ ಮೇಲಿನದು. ಹೆಸರು ಮಾತ್ರ ಎಲ್ಲರೂ ಒಬ್ಬರದೇ ಹೇಳುತ್ತಾರೆ.

ಹಿಂಜವಡಿ ಬಸ್ ಸ್ಟಾಪ್
ಇತಿಹಾಸ ಪಾಠ ಮುಗಿದಿದ್ದರೆ ಹುಡುಗನ ನಾಲ್ಕು ಜನರ ಪ್ರಾಜೆಕ್ಟ್‌ಗೆ ಬನ್ನಿ. ತೊಂದರೆ ಇರುವುದೇ ಅಲ್ಲಿ.

ತಮ್ಮಾ, ಒಬ್ಬರು ಗಿಟ್‌ಹಬ್‌ನಲ್ಲಿ ಪ್ರೈವೇಟ್ ರೆಪೊ ಮಾಡಿ ಉಳಿದ ಮೂವರನ್ನು ಕೊಲಾಬರೇಟರ್ ಆಗಿ ಸೇರಿಸಿ. ಉಳಿದವರು ಗಿಟ್ ಕ್ಲೋನ್ ಮಾಡಿ ಹಿಸ್ಟರಿ ಸಮೇತ ಇಳಿಸಿಕೊಳ್ಳಲಿ. ಜಿಪ್ ಡೌನ್‌ಲೋಡ್ ಬಟನ್ ಮುಟ್ಟಬೇಡಿ, ಅದರಲ್ಲಿ ಹಿಸ್ಟರಿ ಬರುವುದಿಲ್ಲ. ಕೆಲಸ ಶುರು ಮಾಡುವ ಮೊದಲು ಗಿಟ್ ಪುಲ್, ಬೇರೆಯವರು ಪುಶ್ ಮಾಡಿದ್ದು ನಿಮ್ಮ ಹತ್ತಿರ ಬರುತ್ತದೆ. ಒಬ್ಬೊಬ್ಬರು ತಮ್ಮ ಬ್ರಾಂಚ್‌ನಲ್ಲಿ (ಅದೇ ಕೋಡ್‌ನ ಬೇರೆ ಕವಲಿನಲ್ಲಿ) ಕೆಲಸ ಮಾಡಿ: ಗಿಟ್ ಸ್ವಿಚ್ ಹೈಫನ್ ಸಿ, ಮುಂದೆ ಬ್ರಾಂಚ್ ಹೆಸರು. ಹಳೆಯ ವಿಡಿಯೋಗಳಲ್ಲಿ ಇದಕ್ಕೆ ಚೆಕೌಟ್ ಅಂತ ಹೇಳಿರುತ್ತಾರೆ. ಸ್ವಿಚ್ ಬಂದದ್ದು 2019ರಲ್ಲಿ, ಎರಡೂ ನಡೆಯುತ್ತವೆ. ಇನ್ನೂ ಆಡ್ ಮಾಡದ ಬದಲಾವಣೆ ಬೇಡ, ಕೊನೇ ಕಮಿಟ್‌ನಲ್ಲಿ ಇದ್ದ ಹಾಗೇ ಬೇಕು ಅಂದರೆ ಗಿಟ್ ರೀಸ್ಟೋರ್, ಮುಂದೆ ಫೈಲ್ ಹೆಸರು. ಇದನ್ನು ನೋಡಿ ಬಳಸು, ಅಳಿಸಿದ್ದು ವಾಪಸ್ ಬರುವುದಿಲ್ಲ.

ಕಾನ್ಫ್ಲಿಕ್ಟ್ ಬಂದೇ ಬರುತ್ತದೆ. ಇಬ್ಬರು ಒಂದೇ ಸಾಲನ್ನು ಬೇರೆ ಬೇರೆ ಥರ ಬದಲಿಸಿದರೆ ಯಾರದು ಸರಿ ಅಂತ ಗಿಟ್‌ಗೆ ಹೇಗೆ ಗೊತ್ತಾಗಬೇಕು? ಎರಡನ್ನೂ ಫೈಲ್ ಒಳಗೆ ಹಾಕಿ, ಸುತ್ತಲೂ ಬಾಣದಂಥ ಗುರುತುಗಳನ್ನು ಇಟ್ಟು ನಿಮಗೇ ಬಿಡುತ್ತದೆ. ಬೇಕಾದದ್ದು ಉಳಿಸಿ, ಗುರುತುಗಳನ್ನು ಅಳಿಸಿ, ಮತ್ತೆ ಆಡ್, ಕಮಿಟ್. ಗುರುತು ಸಮೇತ ಪುಶ್ ಮಾಡಿ, ಕಂಪೈಲ್ ಆಗುತ್ತಿಲ್ಲ ಅಂತ ಕೂಗಾಡುವ ಹುಡುಗರು ನಮ್ಮ ಆಫೀಸಿಗೆ ಪ್ರತಿ ವರ್ಷ ಬರುತ್ತಾರೆ.

ಮಾಟುಂಗಾ ಮಾವ
ನೋಡಿ, ಬಟನ್ ಸಾಕು ಅಂದವರು ಈಗ ಕಮಾಂಡ್ ಹೇಳುತ್ತಿದ್ದಾರೆ 🙂

ಹಿಂಜವಡಿ ಬಸ್ ಸ್ಟಾಪ್
ಇಲ್ಲಿ ಸ್ಕ್ರೀನ್‌ಶಾಟ್ ಹಾಕಲು ಬರುವುದಿಲ್ಲವಲ್ಲ ಮಾವ, ಅದಕ್ಕೆ.

ಡೊಂಬಿವಲಿ ಡೌನ್ ಲೈನ್
ಒಂದು ವಿಷಯ ಸೇರಿಸುತ್ತೇನೆ. ಗುಂಪಿನಲ್ಲಿ ಒಬ್ಬರದು ಲಿನಕ್ಸ್ ಇದ್ದರೆ ಫೈಲ್ ಹೆಸರು ಎಲ್ಲ ಚಿಕ್ಕಕ್ಷರದಲ್ಲಿ ಇಡಿ. ಸ್ಟ್ಯಾಕ್ ಅಂತ ದೊಡ್ಡ ಎಸ್‌ನಲ್ಲಿ ಬರೆದರೂ ಚಿಕ್ಕ ಎಸ್‌ನಲ್ಲಿ ಬರೆದರೂ ವಿಂಡೋಸ್‌ಗೆ ಒಂದೇ, ಲಿನಕ್ಸ್‌ಗೆ ಎರಡು ಬೇರೆ ಫೈಲ್. ನಿಮ್ಮ ಹತ್ತಿರ ಕಂಪೈಲ್ ಆದದ್ದು ಅವರ ಹತ್ತಿರ ಆಗುವುದಿಲ್ಲ. ಹೆಸರಿನಲ್ಲಿ ಸ್ಪೇಸ್ ಕೂಡ ಬೇಡ, ಟರ್ಮಿನಲ್‌ನಲ್ಲಿ ಪ್ರತಿ ಸಲ ಉದ್ಧರಣ ಚಿಹ್ನೆ ಹಾಕಬೇಕಾಗುತ್ತದೆ.

ಶೆಲ್ ಸ್ಕ್ರಿಪ್ಟನ್ನು ವಿಂಡೋಸ್‌ನಲ್ಲಿ ಬರೆದು ಲಿನಕ್ಸ್‌ನಲ್ಲಿ ಓಡಿಸಿದರೆ ಬ್ಯಾಡ್ ಇಂಟರ್‌ಪ್ರಿಟರ್ ಅಂತ ಬರಬಹುದು. ಸ್ಕ್ರಿಪ್ಟ್ ಸರಿಯಾಗೇ ಇರುತ್ತದೆ. ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಒಂದು ಕಾಣದ ಚಿಹ್ನೆ ಜಾಸ್ತಿ ಹಾಕುತ್ತದೆ. ವಿಎಸ್ ಕೋಡ್‌ನ ಕೆಳಗಿನ ಪಟ್ಟಿಯಲ್ಲಿ ಸಿಆರ್‌ಎಲ್‌ಎಫ್ ಅಂತ ಇರುವುದನ್ನು ಒತ್ತಿ ಎಲ್‌ಎಫ್ ಮಾಡಿ ಸೇವ್ ಮಾಡಿ.

ಕೊಥ್ರೂಡ್ ಎಸ್‌ಇ
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಲ್ಯಾಬ್‌ನ ಪಿಸಿಯಲ್ಲಿ ಪುಶ್ ಮಾಡಿ ನೋಡಿದೆ. ಅನುಮತಿ ಇಲ್ಲ ಅಂತ 403 ಎರರ್. ಅದರಲ್ಲಿ ಯಾರೋ ಬೇರೆಯವರ ಹೆಸರು ಬರುತ್ತಿದೆ! ಕಮಿಟ್‌ನಲ್ಲೂ ಅವರದೇ ಹೆಸರು. ಹ್ಯಾಕ್ ಆಗಿದೆಯಾ?

ಲ್ಯಾಬ್ ಅಕ್ಕ
ಹ್ಯಾಕೂ ಇಲ್ಲ ಏನೂ ಇಲ್ಲ. ನಿನಗಿಂತ ಮೊದಲು ಕೂತವರು ಲಾಗಿನ್ ಆಗಿ ಎದ್ದುಹೋಗಿದ್ದಾರೆ. ಇದು ಎರಡು ಕಡೆ ಸರಿಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕ್ರೆಡೆನ್ಶಿಯಲ್ ಮ್ಯಾನೇಜರ್ ತೆರೆ, ವಿಂಡೋಸ್ ಕ್ರೆಡೆನ್ಶಿಯಲ್ಸ್‌ನಲ್ಲಿ ಗಿಟ್‌ಹಬ್ ಅಂತ ಇರುವುದನ್ನು ತೆಗೆ. ಮುಂದಿನ ಪುಶ್‌ಗೆ ಬ್ರೌಸರ್ ತೆರೆದು ನಿನ್ನ ಲಾಗಿನ್ ಕೇಳುತ್ತದೆ. ಹಳೆಯ ವಿಡಿಯೋದಲ್ಲಿ ಪಾಸ್‌ವರ್ಡ್ ಟೈಪ್ ಮಾಡುವುದನ್ನು ತೋರಿಸಿದರೆ ನಂಬಬೇಡ. 2021ರ ಆಗಸ್ಟ್ 13ರಿಂದ ಗಿಟ್‌ಹಬ್ ಪುಶ್‌ಗೆ ಪಾಸ್‌ವರ್ಡ್ ಒಪ್ಪುವುದಿಲ್ಲ.

ಕಮಿಟ್‌ನ ಹೆಸರು ಬೇರೆ ವಿಷಯ. ಅದು ಗಿಟ್ ಕಾನ್ಫಿಗ್‌ನ ಯೂಸರ್ ಡಾಟ್ ನೇಮ್, ಯೂಸರ್ ಡಾಟ್ ಈಮೇಲ್‌ನಿಂದ ಬರುತ್ತದೆ. ಲ್ಯಾಬ್ ಪಿಸಿಯಲ್ಲಿ ಗ್ಲೋಬಲ್ ಅಂತ ಹಾಕದೆ, ನಿನ್ನ ರೆಪೊ ಫೋಲ್ಡರ್ ಒಳಗೆ ನಿಂತು ಸೆಟ್ ಮಾಡು. ಈಮೇಲ್ ಗಿಟ್‌ಹಬ್‌ನಲ್ಲಿ ಕೊಟ್ಟದ್ದೇ ಇರಲಿ, ಇಲ್ಲದಿದ್ದರೆ ಕಮಿಟ್ ನಿನ್ನ ಖಾತೆಗೆ ಸೇರುವುದಿಲ್ಲ. ಏಳುವಾಗ ನಿನ್ನ ಲಾಗಿನ್ ತೆಗೆದು ಏಳು.

ಧಾರವಾಡದ ಗಿರ್ಮಿಟ್
ಇಷ್ಟೆಲ್ಲ ಯಾಕೆ, ಚಾಟ್‌ಬಾಟ್‌ಗೆ ಎರರ್ ಅಂಟಿಸಿದರೆ ಕಮಾಂಡ್ ಕೊಡುತ್ತದಲ್ಲ?

ಹಿಂಜವಡಿ ಬಸ್ ಸ್ಟಾಪ್
ಕೊಡುತ್ತದೆ. ಎರರ್ ಅರ್ಥ ಮಾಡಿಕೊಳ್ಳಲು ನಾನೂ ಬಳಸುತ್ತೇನೆ. ಆದರೆ ಪುಶ್ ಆಗುತ್ತಿಲ್ಲ ಅಂದರೆ ಫೋರ್ಸ್ ಹಾಕಿ ಅಂತ ಹೇಳುವುದೂ ಉಂಟು. ಎರರ್ ಮಾಯ. ಜೊತೆಗೆ ಗೆಳೆಯ ಪುಶ್ ಮಾಡಿದ್ದ ಕೆಲಸವೂ ಬ್ರಾಂಚ್‌ನಿಂದ ಮಾಯ. ಕಮಾಂಡ್‌ನಲ್ಲಿ ಫೋರ್ಸ್, ಹಾರ್ಡ್, ಆರ್‌ಎಫ್ ಈ ಪದಗಳು ಕಂಡರೆ ಅಂಟಿಸುವ ಮೊದಲು ಏನು ಮಾಡುತ್ತದೆ ಅಂತ ಓದಿ.

ಮಾಟುಂಗಾ ಮಾವ
ಈ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ. ಬರೆದಿಟ್ಟುಕೊಳ್ಳಿ, ಮತ್ತೆ ಸಿಗುವುದಿಲ್ಲ.

ವಾಸ್ಕೋ ಗಾಳಿ
ನಮ್ಮ ಹಾಸ್ಟೆಲ್ ವೈಫೈನಲ್ಲಿ ಎಸ್‌ಎಸ್‌ಎಚ್ ಮೂಲಕ ಪುಶ್ ಮಾಡಿದರೆ ಸುಮ್ಮನೆ ನಿಂತುಬಿಡುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಹೋಗುತ್ತದೆ. ಯಾಕೆ?

ಮಾಟುಂಗಾ ಮಾವ
ಎಸ್‌ಎಸ್‌ಎಚ್ ಹೋಗುವ 22ನೇ ಪೋರ್ಟ್ ಮುಚ್ಚಿದ್ದಾರೆ. ಗಿಟ್‌ಹಬ್ 443ರಲ್ಲೂ ಎಸ್‌ಎಸ್‌ಎಚ್ ತೆಗೆದುಕೊಳ್ಳುತ್ತದೆ. ಎಸ್‌ಎಸ್‌ಎಚ್ ಕಾನ್ಫಿಗ್ ಫೈಲ್‌ನಲ್ಲಿ ಗಿಟ್‌ಹಬ್‌ನ ಹೋಸ್ಟ್‌ನೇಮ್ ಮುಂದೆ ಎಸ್‌ಎಸ್‌ಎಚ್ ಡಾಟ್ ಗಿಟ್‌ಹಬ್ ಡಾಟ್ ಕಾಮ್ ಅಂತ ಹಾಕಿ, ಪೋರ್ಟ್ 443 ಬರೆ. ಅಷ್ಟು ಬೇಡ ಅಂದರೆ ಎಚ್‌ಟಿಟಿಪಿಎಸ್ ಲಿಂಕ್ ಬಳಸು.

ಬರೀ ಓದುಗ
ನನ್ನ ಮಗಳು ಮಷೀನ್ ಲರ್ನಿಂಗ್ ಪ್ರಾಜೆಕ್ಟ್ ಮಾಡುತ್ತಿದ್ದಾಳೆ. 180 ಎಂಬಿ ಸಿಎಸ್‌ವಿ ಫೈಲ್ ಗಿಟ್‌ಹಬ್‌ಗೆ ಹೋಗುತ್ತಿಲ್ಲ. ಫೈಲ್ ಡಿಲೀಟ್ ಮಾಡಿ ಮತ್ತೆ ಕಮಿಟ್ ಮಾಡಿದರೂ ಅದೇ ಎರರ್ ಅಂತೆ.

ಖೋಡದ್ ಆ್ಯಂಟೆನಾ
100 ಎಂಬಿಗಿಂತ ದೊಡ್ಡ ಫೈಲನ್ನು ಗಿಟ್‌ಹಬ್ ಒಪ್ಪುವುದಿಲ್ಲ. ಈಗ ಡಿಲೀಟ್ ಮಾಡಿದರೂ ಹಿಂದಿನ ಕಮಿಟ್‌ನಲ್ಲಿ ಅದು ಇದ್ದೇ ಇದೆ. ಪುಶ್ ಅಂದರೆ ಹಿಸ್ಟರಿ ಪೂರ್ತಿ ಹೋಗುತ್ತದೆ, ಅದಕ್ಕೇ ಅದೇ ಎರರ್. ಆ ಫೈಲ್ ಸೇರಿದ್ದು ಪುಶ್ ಆಗದ ಕೊನೆಯ ಕೆಲವು ಕಮಿಟ್‌ಗಳಲ್ಲೇ ಆಗಿದ್ದರೆ, ಮೊದಲು ಇಡೀ ಫೋಲ್ಡರ್‌ನ ಒಂದು ಕಾಪಿ ತೆಗೆದಿಡಲಿ. ಆಮೇಲೆ ಗಿಟ್ ರೀಸೆಟ್ ಸಾಫ್ಟ್‌ನಲ್ಲಿ ಅದಕ್ಕಿಂತ ಹಿಂದಿನ ಕಮಿಟ್‌ಗೆ ಹೋಗಿ, ಸಿಎಸ್‌ವಿ ಬಿಟ್ಟು ಉಳಿದದ್ದನ್ನು ಮತ್ತೆ ಕಮಿಟ್ ಮಾಡಲಿ. ಡಾಟ್ ಗಿಟ್‌ಇಗ್ನೋರ್ ಫೈಲ್‌ನಲ್ಲಿ ಡೇಟಾ ಫೋಲ್ಡರ್ ಹೆಸರು ಬರೆದರೆ ಇನ್ನು ಮುಂದೆ ಸೇರುವುದಿಲ್ಲ. ನಮ್ಮಲ್ಲೂ ಅಷ್ಟೇ, ಡೇಟಾ ಸರ್ವರ್‌ನಲ್ಲಿ, ಸ್ಕ್ರಿಪ್ಟ್ ಮಾತ್ರ ಗಿಟ್‌ನಲ್ಲಿ.

ಕೊಥ್ರೂಡ್ ಎಸ್‌ಇ
ಪುಶ್ ಆಯಿತು ಅಕ್ಕಾ, ನನ್ನ ಹೆಸರಲ್ಲೇ! ಲ್ಯಾಬ್ ಅಸೈನ್‌ಮೆಂಟ್ ರೆಪೊ ಪಬ್ಲಿಕ್ ಇಡಲಾ? ಪ್ಲೇಸ್‌ಮೆಂಟ್‌ಗೆ ಗಿಟ್‌ಹಬ್ ಪ್ರೊಫೈಲ್ ತೋರಿಸಬೇಕು ಅಂತ ಸೀನಿಯರ್‌ಗಳು ಹೇಳುತ್ತಾರೆ.

ಹಿಂಜವಡಿ ಬಸ್ ಸ್ಟಾಪ್
ಪಬ್ಲಿಕ್ ಇಡು. ಇಂಟರ್‌ವ್ಯೂನಲ್ಲಿ ನಾವು ನೋಡುತ್ತೇವೆ.

ಲ್ಯಾಬ್ ಅಕ್ಕ
ಬೇಡ! ಪಬ್ಲಿಕ್ ಇಟ್ಟರೆ ಸಬ್‌ಮಿಶನ್ ಹಿಂದಿನ ರಾತ್ರಿ ಇಡೀ ಕ್ಲಾಸ್ ನಿನ್ನ ಕೋಡ್ ಇಳಿಸಿಕೊಳ್ಳುತ್ತದೆ. ಆಮೇಲೆ ಕಾಪಿ ಮಾಡಿದವರು ಯಾರು ಅಂತ ನಾನು ಕೂತು ತಾರೀಖು ಹುಡುಕಬೇಕು. ಆ ತಾರೀಖೂ ಕಂಪ್ಯೂಟರ್‌ನ ಗಡಿಯಾರದಿಂದ ಬರುವಂಥದ್ದು, ಬದಲಿಸಬಹುದು. ಪ್ರೈವೇಟ್ ಇಟ್ಟು ನಿಮ್ಮ ಮೇಡಂ ಅವರನ್ನು ಕೊಲಾಬರೇಟರ್ ಆಗಿ ಸೇರಿಸು.

ಮತ್ತೆ ಬಸ್ ಸ್ಟಾಪ್‌ನವರೇ, ನೀವು ಇಂಟರ್‌ವ್ಯೂನಲ್ಲಿ ಎಲ್ಲರ ಲಿಂಕ್ಡ್ ಲಿಸ್ಟ್ ನೋಡುತ್ತೀರಾ? ನಿಜ ಹೇಳಿ.

ಹಿಂಜವಡಿ ಬಸ್ ಸ್ಟಾಪ್
ಲಿಂಕ್ಡ್ ಲಿಸ್ಟ್ ನೋಡುವುದಿಲ್ಲ. ಮಿನಿ ಪ್ರಾಜೆಕ್ಟ್ ಇದ್ದರೆ ತೆರೆಯುತ್ತೇನೆ, ರೀಡ್‌ಮಿ ಓದುತ್ತೇನೆ. ಹೇಗೆ ಓಡಿಸಬೇಕು ಅಂತ ಬರೆದಿಲ್ಲದಿದ್ದರೆ ಮುಚ್ಚುತ್ತೇನೆ.

ಲ್ಯಾಬ್ ಅಕ್ಕ
ಹಾಗಾದರೆ ಸೆಮಿಸ್ಟರ್ ಮುಗಿದ ಮೇಲೆ, ಉಳಿದ ಮೂವರನ್ನೂ ಕೇಳಿ, ಮಿನಿ ಪ್ರಾಜೆಕ್ಟ್ ಒಂದನ್ನು ಪಬ್ಲಿಕ್ ಮಾಡಲಿ. ಮಾಡುವ ಮೊದಲು ಹಿಸ್ಟರಿಯಲ್ಲಿ ಎಲ್ಲೂ ಪಾಸ್‌ವರ್ಡ್, ಎಪಿಐ ಕೀ ಇಲ್ಲ ಅಂತ ನೋಡಿಕೊಳ್ಳಲಿ. ಇದ್ದರೆ ಫೈಲ್‌ನಿಂದ ಅಳಿಸಿದರೆ ಸಾಲದು, ಆ ಕೀಯನ್ನೇ ರದ್ದು ಮಾಡಿ ಹೊಸದು ತೆಗೆದುಕೊಳ್ಳಬೇಕು.